ಐದು ಪೇಜಿನ ಸೈಟು

ಹಾನಗಲ್ಲಿನಲ್ಲಿ ಒಬ್ಬ ಮನುಷ್ಯ ಕೈಯಲ್ಲಿದ್ದ ಕೆಲಸ ಬಿಟ್ಟರೆ ಅದು ಅವನ ಮನೆಯ ವಿಷಯ. ಹೊಸ ಕೆಲಸ ಹಿಡಿದನೋ, ಅದು ಊರಿನ ವಿಷಯ.

ಭರಮಪ್ಪ ಕೆಲಸ ಬಿಟ್ಟವನಲ್ಲ. ಕೆಲಸವೇ ಅವನನ್ನು ಬಿಟ್ಟಿತ್ತು. ಒಂದು ಬೀಜದ ಕಂಪನಿಯಲ್ಲಿದ್ದ. ಹಿರೇಕೆರೂರಿನಿಂದ ತಿಳವಳ್ಳಿಯವರೆಗೆ ಮೋಟರ್‌ಸೈಕಲ್ ಮೇಲೆ ತಿರುಗುವುದು, ಗೋವಿನಜೋಳದ ತೆನೆ ಸುಲಿದು ರೈತರಿಗೆ ತೋರಿಸುವುದು, ಹುಳ ಬಿದ್ದಲ್ಲಿ ಸಿಂಪಡಿಸುವ ಎಣ್ಣೆ ಹೇಳುವುದು, ಹೋದಲ್ಲೆಲ್ಲ ಚಹಾ ಕುಡಿಯುವುದು. ಇದರಲ್ಲೇ ಅರ್ಧ ಆಯುಷ್ಯ ಕಳೆದಿದ್ದ. ಒಂದು ದಿನ ಕಂಪನಿಯವರು ಈ ಭಾಗದ ಶಾಖೆ ಮುಚ್ಚಿದ್ದೇವೆ ಎಂದು ಫೋನಿಗೆ ಮೆಸೇಜು ಹಾಕಿದರು. ಭರಮಪ್ಪ ಅದಕ್ಕೂ ‘ಭಾಳ ಉಪಕಾರ ಆತ್ರಿ ಸರ್’ ಎಂದು ಉತ್ತರ ಬರೆದ. ಅವನ ಸ್ವಭಾವವೇ ಹಾಗೆ. ಬಸ್ಸಿನಲ್ಲಿ ಕಾಲು ತುಳಿದವನಿಗೂ ಉಪಕಾರ ಹೇಳುವ ಮನುಷ್ಯ. ತುಳಿದವನು ಕಕ್ಕಾಬಿಕ್ಕಿಯಾಗಿ ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗುತ್ತಿದ್ದ.

ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯುತ್ತೇನೆ ಎಂದು ಅವನು ಹೆಂಡತಿ ಸುಜಾತಾಗೆ ಹೇಳಿದಾಗ, ಅಂಗನವಾಡಿಯಿಂದ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದ ಆಕೆ ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು.

“ಕಲೀರಿ,” ಅಂದಳು ಕಡೆಗೆ. “ಆದ್ರ ಅನ್ನಕ್ಕ ಎಸರ ಇಟ್ಟು ಕಲೀರಿ.”

ಹಾಗೆ ಭರಮಪ್ಪ ಒಲೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕಲಿತ. ಒಂದೂವರೆ ವರ್ಷ ಆ ಮನೆಯಲ್ಲಿ ಎರಡು ವಾಸನೆ ತಪ್ಪಲಿಲ್ಲ: ಸೀದ ಅನ್ನದ್ದು, ಕಾದ ಲ್ಯಾಪ್‌ಟಾಪಿನದು. ಪ್ರೋಗ್ರಾಮಿನಲ್ಲಿ ತಪ್ಪು ನುಸುಳಿದರೆ ಅದಕ್ಕೆ ಬಗ್, ಅಂದರೆ ಹುಳ, ಅನ್ನುತ್ತಾರೆ ಎಂದು ತಿಳಿದ ದಿನ ಅವನಿಗೆ ಧೈರ್ಯ ಬಂತು. ಜೋಳದ ಸುಳಿಯೊಳಗಿನ ಹುಳ ಹುಡುಕಿದವನಿಗೆ ಇದೇನು ಮಹಾ! ಒಂಬತ್ತನೇ ಇಯತ್ತೆಯ ಮಗಳು ಸಂಘಮಿತ್ರಾ ಅವನ ಇಂಗ್ಲಿಷ್ ತಿದ್ದಿದಳು. ತಾಯಿ ಉಡಚವ್ವ ಮಾತ್ರ ಏನೂ ಅನ್ನಲಿಲ್ಲ. ಮಗ ಒಲೆಯ ಮುಂದೆ ಕುಂತದ್ದು ಆಕೆಯ ಕಾಲದಲ್ಲಿ ನಡೆದ ಅತಿ ದೊಡ್ಡ ಬದಲಾವಣೆಯಾದ್ದರಿಂದ, ಅವನ ತೊಡೆಯ ಮೇಲೆ ಏನಿದೆ ಎನ್ನುವುದು ಆಕೆಗೆ ಗೌಣವಾಗಿತ್ತು.

ಎಲ್ಲ ಸರಿ ಇತ್ತು. ಶಿಗ್ಗಾಂವಿಯ ಕುರ್ಚಿ ಒಂದು ಬಿಟ್ಟು.

ಸುಜಾತಾಳ ಅಣ್ಣ ಕುಬೇರಪ್ಪನದು ಶಿಗ್ಗಾಂವಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಅಲ್ಲಿ ತೂಕದ ಕಾಟಾದ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ‘ಇದು ನಮ್ಮ ಭಾವಂದು’ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಶೀಗಿ ಹುಣ್ಣಿಮೆಯೊಳಗೆ ಭರಮಪ್ಪ ಒಂದಾದರೂ ಕೆಲಸ ಮಾಡಿ ಕೊಟ್ಟು ‘ಭೇಷ್’ ಅನ್ನಿಸಿಕೊಳ್ಳಬೇಕು. ಇಲ್ಲದಿದ್ದರೆ ಮರುದಿನ ಬಂದು ಆ ಕುರ್ಚಿಯಲ್ಲಿ ಕುಂತು ಕಬ್ಬಿಣ ತೂಗಬೇಕು. ಇದು ಮನೆಮಂದಿಯ ಮುಂದೆ ಆದ ಮಾತು. ಭರಮಪ್ಪ ಇದಕ್ಕೂ ಉಪಕಾರ ಹೇಳಿದ್ದ.

ಕೆಲಸ ಸಿಕ್ಕಿತು. ಸವಣೂರಿನಲ್ಲಿ ಮುಮ್ತಾಜಬೇಗಂ ಎಂಬಾಕೆ ಮನೆಯಲ್ಲೇ ಕಡಲೆಹಿಟ್ಟಿನ ಖಾರಾ ಕರಿದು ಮಾರುತ್ತಿದ್ದಳು. ದೂರದ ಊರಿನವರೂ ಫೋನಿನಲ್ಲಿ ನೋಡಿ ತರಿಸಿಕೊಳ್ಳುವ ಹಾಗೆ ಆಕೆಗೊಂದು ವೆಬ್‌ಸೈಟ್ ಬೇಕಾಗಿತ್ತು. ಆಕೆಯದು ಒಂದೇ ಷರತ್ತು.

“ಚಾಲೂ ಮಾಡಿದ ದಿನಾನ ಹೊರಗಿನ ಊರಿಂದ ಆರ್ಡರ್ ಬರಬೇಕ್ರಿ. ಬಂತು, ನಾನ ನಾಕ ಮಂದಿಗೆ ನಿಮ್ಮ ಹೆಸರ ಹೇಳ್ತೇನಿ. ಬರ್ಲಿಲ್ಲ, ನಿಮ್ಮ ಸೈಟ್ ನಿಮ್ಮ ಹಂತ್ಯಾಕ ಇರ್ಲಿ, ನನ್ನ ಖಾರಾ ನನ್ನ ಹಂತ್ಯಾಕ.”

ಇಷ್ಟರಲ್ಲೇ ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲ. ಆದರೆ ಕೆಲಸ ಸಿಕ್ಕ ಸಂತೋಷದಲ್ಲಿ ಭರಮಪ್ಪನಿಗೆ ಮನೆಯ ಮುಂದೆ ಒಂದು ಬೋರ್ಡು ಹಾಕಬೇಕೆನ್ನಿಸಿತು. ಡಾಕ್ಟರಿಗೆ ಬೋರ್ಡು ಇದೆ, ವಕೀಲರಿಗೆ ಇದೆ, ಎಮ್ಮೆಯ ಹಾಲು ಕೊಡುವವರಿಗೂ ಇದೆ. ಸಾಫ್ಟ್‌ವೇರ್ ಡೆವಲಪರನಿಗೆ ಯಾಕಿರಬಾರದು?

ಹಾನಗಲ್ಲಿನಲ್ಲಿ ಕೈಯಿಂದ ಬೋರ್ಡು ಬರೆಯುವವನು ಉಳಿದದ್ದು ಹಜರತಅಲಿ ಒಬ್ಬನೇ. ಫ್ಲೆಕ್ಸು ಬಂದ ಮೇಲೆ ಅವನ ಕುಂಚಗಳು ಒಣಗಿ ಕಸಬರಿಗೆಯಾಗಿದ್ದವು. ಆದ್ದರಿಂದ ಭರಮಪ್ಪ ತಂದ ಸಣ್ಣ ತಗಡಿನ ಹಲಗೆಯನ್ನು ಅವನು ಮಗಳ ಮದುವೆಯ ಪತ್ರಿಕೆಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಅಳೆದ. ಆಮೇಲೆ ತಲೆ ಅಲ್ಲಾಡಿಸಿದ.

“ಸಾಫ್ಟ್‌ವೇರ್ ಅನ್ನೂದು ಇದರಾಗ ಕುಂದ್ರಂಗಿಲ್ಲ ಭರಮಣ್ಣ. ಎಷ್ಟ ಒತ್ತು, ಎಷ್ಟ ದೀರ್ಘ! ಬರದ್ರ ಇರಿವಿ ಸಾಲ ಹೊಂಟಂಗ ಕಾಣ್ತೈತಿ. ಡೆವಲಪರ್ ಅಂತ ದೊಡ್ಡದಾಗಿ ಬರೀತೇನಿ. ತಿಳಿಯೂರಿಗೆ ತಿಳೀತೈತಿ.”

“ನೀವು ಹೆಂಗ ಅಂತೀರಿ ಹಂಗ, ಹಜರತಣ್ಣ.”

ಮರುದಿನ ಬೋರ್ಡು ಬಂತು. ‘ಭರಮಪ್ಪ, ಡೆವಲಪರ್’. ಉಳಿದ ಜಾಗದಲ್ಲಿ ಕೆಂಪು ಹಂಚಿನ ಒಂದು ಮನೆ, ಆಚೀಚೆ ಎರಡು ತೆಂಗಿನ ಗಿಡ, ಹಿಂದೆ ಏಳುತ್ತಿರುವ ಸೂರ್ಯ.

“ಇದ್ಯಾಕ ಹಜರತಣ್ಣ?”

“ಡೆವಲಪರ್ ಬೋರ್ಡ್ ಅಂದ ಮ್ಯಾಲೆ ಇದು ಇರಬೇಕಪಾ. ಹಿಂದ ಹಾವೇರಿ ರೋಡಿಗೆ ಅಷ್ಟೂ ಬೋರ್ಡ್ ಬರದಾಂವ ನಾನ. ಗಿಡಕ್ಕ ರೊಕ್ಕ ಕೊಡಬ್ಯಾಡ, ಪ್ರೀತಿಲೆ ತಗದೇನಿ.”

ಭರಮಪ್ಪ ಒಂದು ಕ್ಷಣ ಯೋಚಿಸಿದ. ವೆಬ್‌ಸೈಟಿನ ಮೊದಲ ಪುಟಕ್ಕೆ ಹೋಮ್ ಪೇಜ್ ಅನ್ನುತ್ತಾರೆ. ಹೋಮ್ ಅಂದರೆ ಮನೆ. ಇಷ್ಟು ಆಳವಾಗಿ ಯೋಚಿಸಿದ ಪೇಂಟರನನ್ನು ಅವನು ಕಂಡೇ ಇರಲಿಲ್ಲ. ಹಜರತಅಲಿಯ ಕೈ ಹಿಡಿದು ಎರಡು ಸಲ ಉಪಕಾರ ಹೇಳಿ, ಬೋರ್ಡನ್ನು ಬಾಗಿಲ ಮೇಲೆ ಹೊಡೆದ.

ಸಂಜೆಗೆ ಎದುರುಮನೆಯ ಸುಶೀಲವ್ವ ಬಂದಳು. ಊರಲ್ಲಿ ಪ್ಲಾಟು ಎಂದರೂ ಸೈಟು ಎಂದರೂ ಒಂದೇ, ಮನೆ ಕಟ್ಟುವ ಜಾಗ. ಡೆವಲಪರ್ ಎಂದರೆ ಹೊಲ ಕೊಂಡು ಕಲ್ಲು ನೆಟ್ಟು ಅವನ್ನು ಮಾರುವವನು. ಇದು ಹಾನಗಲ್ಲಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಗೊತ್ತಿಲ್ಲದವನು ಒಲೆಯ ಮುಂದೆ ಒಂದೂವರೆ ವರ್ಷ ಕುಂತ ಭರಮಪ್ಪ ಒಬ್ಬನೇ.

“ಏನಪಾ ಭರಮಣ್ಣ, ಡೆವಲಪರ್ ಆದೆಂತ! ಸುದ್ದಿನ ಇಲ್ಲಲ್ಲ? ಮೊದಲನೇ ಸೈಟ್ ಎಲ್ಲಿ?”

ಭರಮಪ್ಪ ಕುಂತಲ್ಲಿಂದ ಎದ್ದು ನಿಂತ. ಹುಬ್ಬಳ್ಳಿಯಲ್ಲಿ ಕಲಿತವರೇ ಅವನ ಕೆಲಸ ಏನೆಂದು ತಿಳಿಯದೆ ‘ಪ್ರಿಂಟರ್ ರಿಪೇರಿ ಮಾಡ್ತೀರೇನ್ರಿ’ ಎಂದು ಕೇಳಿದ್ದರು. ಇಲ್ಲಿ ಸುಶೀಲವ್ವ, ಹಪ್ಪಳದ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು, ನೇರ ಸೈಟಿನ ಮಾತು ಕೇಳುತ್ತಿದ್ದಾಳೆ!

“ಸವಣೂರಿನ ಮುಮ್ತಾಜಬೇಗಂ ಅವರದ್ರಿ ಅಕ್ಕಾರ.”

“ದೊಡ್ಡದ?”

“ಭಾಳ ದೊಡ್ಡದಲ್ರಿ. ಐದು ಪೇಜಿಂದು.”

“ಐದು ಫೇಜ್!” ಸುಶೀಲವ್ವ ಹಿಟ್ಟಿನ ಕೈಯನ್ನೇ ಎದೆಯ ಮೇಲಿಟ್ಟುಕೊಂಡಳು. ಹಾವೇರಿಯಲ್ಲೇ ಎರಡು ಫೇಜಿನ, ಅಂದರೆ ಎರಡು ಹಂತದ, ಲೇಔಟ್ ಮಾಡಲು ಹೋಗಿ ದೊಡ್ಡ ದೊಡ್ಡವರು ಅಂಗಾತ ಬಿದ್ದದ್ದು ಆಕೆಗೆ ಗೊತ್ತಿತ್ತು. “ನೀ ಒಬ್ಬನ ಮಾಡ್ತೀಯ?”

“ಒಬ್ಬನ ರೀ. ಕುಂತಲ್ಲೆ ಕುಂತು ಮಾಡ್ತೇನಿ. ಹೋಮ್ ಪೇಜ್ ಮುಗದೈತಿ. ಉಳದದ್ದು ಹುಣ್ಣಿವಿ ಒಳಗ ಆಗ್ತಿತ್ತು, ಆದ್ರ ಸರ್ವರ್ ಭಾಳ ಸ್ಲೋ ಐತ್ರಿ.”

“ಸರ್ವೇರಾ? ಅವ್ರು ಎಂದರ ಲಗೂನ ಬಂದಾರೇನಪಾ! ನಮ್ಮ ಹೊಲದ ಹದ್ದಿ ನೋಡಾಕ ಬರ್ತೇನಿ ಅಂದಾಂವ, ಹದ್ದಿನ್ಯಾಗ ಹಾಕಿದ ಬೇವಿನ ಗಿಡ ಆಳೆತ್ತರ ಆದ ಮ್ಯಾಲೆ ಬಂದ.” ಆಮೇಲೆ ದನಿ ತಗ್ಗಿಸಿದಳು. “ಮೂಲಿದೊಂದು ಖಾಲಿ ಐತೇನು?”

“ಬಲಗಡೆ ಮ್ಯಾಲಿನ ಮೂಲಿ ಖಾಲಿ ಐತ್ರಿ. ಅಲ್ಲೇನ್ ಇಡೂದು ತಿಳೀವಲ್ದು.”

“ಬಲಕ್ಕ, ಮ್ಯಾಲೆ... ಅಯ್ಯ, ಅದ ಈಶಾನ್ಯ ಅಲ್ಲೇನೋ! ಅಲ್ಲೆ ಭಾರ ಇಡಬ್ಯಾಡ. ನೀರು ಇರಬೇಕು ಅಲ್ಲೆ, ಇಲ್ಲಾ ದೇವರು.”

ಭರಮಪ್ಪ ಒಳಗೆ ಹೋದವನೇ ಪುಟದ ಬಲಮೇಲಿನ ಮೂಲೆಗೆ ನೀರಿನ ನೀಲಿ ಬಣ್ಣ ತುಂಬಿದ. ನೋಡಿದರೆ ನಿಜವಾಗಿಯೂ ಚಂದ ಕಾಣುತ್ತಿತ್ತು. ಹಾನಗಲ್ಲಿನ ಮಂದಿ ಎಷ್ಟು ಮುಂದೆ ಹೋಗಿದ್ದಾರೆ, ತಾನು ಸುಮ್ಮನೆ ಪೇಟೆಯವರನ್ನು ನಂಬಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಊರಲ್ಲಿ ಸುದ್ದಿ ನಡೆದು ಹೋಗುವುದಿಲ್ಲ, ಸುಶೀಲವ್ವನ ಹಪ್ಪಳದ ಜೊತೆ ಮನೆಮನೆಗೆ ಹೋಗುತ್ತದೆ. ಎರಡು ದಿನದಲ್ಲಿ ಅದು ತಲಾಟಿ ಬಸವಣ್ಣೆಪ್ಪನವರ ಊಟದ ತಾಟಿಗೂ ಮುಟ್ಟಿತು. ಊರಿನ ಹೊಲಗಳ ದಾಖಲೆ ಇಡುವ ತಲಾಟಿಗೆ ಸರಕಾರ ಈಗ ಉದ್ದನೆಯ ಹೊಸ ಹೆಸರು ಕೊಟ್ಟಿದೆ. ಊರಿನ ನಾಲಗೆಗೆ ಅದು ಇನ್ನೂ ಮುಟ್ಟಿಲ್ಲ. ತನ್ನ ಹದ್ದಿನಲ್ಲಿ ತನಗೆ ತಿಳಿಯದೆ ಒಬ್ಬ ಡೆವಲಪರ್ ಹುಟ್ಟಿದ್ದಾನೆ ಎಂದ ಮೇಲೆ ಅವರು ಬರಲೇಬೇಕಾಯಿತು. ಬಂದು ಕುಂತು, ಬೋರ್ಡನ್ನೂ ಭರಮಪ್ಪನನ್ನೂ ಒಂದೊಂದು ಸಲ ನೋಡಿದರು.

“ಐದು ಫೇಜ್ ಅಂತ ಕೇಳಿದೆ. ಎನ್‌ಎ ಆಗೈತೇನಪಾ?”

ಹೊಲವನ್ನು ಮನೆ ಕಟ್ಟುವ ಜಾಗ ಮಾಡಬೇಕಾದರೆ ಎನ್‌ಎ ಎಂಬ ಅಪ್ಪಣೆ ಬೇಕು. ಅದಕ್ಕಾಗಿ ತಿರುಗಿ ತಿರುಗಿ ಚಪ್ಪಲಿ ಸವೆಸಿದವರನ್ನು ಬಸವಣ್ಣೆಪ್ಪನವರು ದಿನಾ ನೋಡುತ್ತಿದ್ದರು. ಭರಮಪ್ಪನ ಕಂಪ್ಯೂಟರಿನಲ್ಲಿ ಮಾತ್ರ, ಎಲ್ಲಿ ಮಾಹಿತಿ ಇಲ್ಲವೋ ಅಲ್ಲಿ ‘ಎನ್‌ಎ’ ಎಂಬ ಎರಡು ಅಕ್ಷರ ಮೂಡುತ್ತಿತ್ತು. ಅದನ್ನು ಕಂಡರೆ ಅವನಿಗೆ ತಲೆಶೂಲೆ.

“ಅಯ್ಯೋ ಸರ್, ಎನ್‌ಎ ಕತಿ ಕೇಳಬ್ಯಾಡ್ರಿ! ಎಲ್ಲಿ ಒತ್ತಿದಲ್ಲೆ ಎನ್‌ಎ ಬರಾಕತ್ತೈತಿ.”

“ತಾನಾಗೇ ಬರ್ತೈತಿ?”

“ಹೌದ್ರಿ. ನಿನ್ನಿ ಒಂದ ದಿನಕ್ಕ ಒಂದ ಬುಟ್ಟಿ ಬಂದ್ವು. ಎಲ್ಲಾ ತಗದ ಒಗದೆ.”

ಬಸವಣ್ಣೆಪ್ಪನವರು ನೀರು ಕೇಳಿದರು. ಕುಡಿದರು. ಇನ್ನೊಂದು ತಂಬಿಗೆ ಕೇಳಿದರು. ಎನ್‌ಎ ತೆಗೆದು ಒಗೆಯುವ ಮನುಷ್ಯನನ್ನು ಅವರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ.

“ಭರಮಪ್ಪನವರ,” ಏಕವಚನ ಬಹುವಚನವಾದದ್ದು ಇಲ್ಲೇ, “ನಿಮಗ ಮ್ಯಾಲೆ ಯಾರ ಅದಾರ?”

“ಮ್ಯಾಲೆ ಕ್ಲೌಡ್ ಐತ್ರಿ ಸರ್. ನಮ್ಮದೆಲ್ಲಾ ಅದರ ಕೈಯಾಗ.”

ಬಸವಣ್ಣೆಪ್ಪನವರು ಮನಸ್ಸಿನಲ್ಲೇ ಹಾವೇರಿಯ ಕಚೇರಿಗಳ ಬಾಗಿಲು ಬಾಗಿಲು ನೋಡಿ ಬಂದರು. ಆ ಹೆಸರಿನ ಸಾಹೇಬರು ಕಾಣಲಿಲ್ಲ. ಹೊರರಾಜ್ಯದಿಂದ ಹೊಸದಾಗಿ ಬಂದ ಹುಡುಗ ಐಎಎಸ್ ಇರಬೇಕು. ಎದ್ದು ನಿಂತು ಕೈ ಮುಗಿದರು.

“ಕ್ಲೌಡ್ ಸಾಹೇಬ್ರು ಭೆಟ್ಟಿ ಆದ್ರ ಬಸವಣ್ಣೆಪ್ಪ ಅಂತ ಒಬ್ಬಾಂವ ಅದಾನ, ಪ್ರಾಮಾಣಿಕ ಮನಶ್ಯಾ, ಅಂತ ಒಂದ ಮಾತ ಹಾಕ್ರಿ.”

“ಹಾಕ್ತೇನ್ರಿ,” ಅಂದ ಭರಮಪ್ಪ, ಏನು ಹಾಕಬೇಕೆಂದು ತಿಳಿಯದಿದ್ದರೂ. ಹಾಕಲಿಕ್ಕೆ ಹೇಳಿದ್ದಕ್ಕೆ ಉಪಕಾರವನ್ನೂ ಹೇಳಿದ.

ಮೂರನೆಯ ದಿನ ಶಿಗ್ಗಾಂವಿಯಿಂದ ಕುಬೇರಪ್ಪನೇ ಬಂದ. ಕೈಯಲ್ಲಿ ಪೇಢೆಯ ಡಬ್ಬಿ. ಬಂದವನು ತಂಗಿಯ ಕೈಗೆ ಅದನ್ನು ಕೊಡಲಿಲ್ಲ, ಭಾವನ ಕೈಗೇ ಕೊಟ್ಟ. ಸುಜಾತಾ ಅದನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಭಾವಾ, ನಾ ನಿಮ್ಮನ್ನ ತಿಳಕೊಳ್ಳಲಿಲ್ರಿ. ಕುರ್ಚಿ ಮಾತ ಬಿಡ್ರಿ, ಅದು ಮುರದೈತಿ ಅಂತ ತಿಳೀರಿ. ಸಿಮೆಂಟ್ ಅಷ್ಟ ನಮ್ಮ ಅಂಗಡಿದ ಆಗಬೇಕು.”

“ಇದಕ್ಕ ಸಿಮೆಂಟ್ ಹತ್ತಂಗಿಲ್ರೀ.”

“ಹತ್ತಂಗಿಲ್ಲ! ಮತ್ತ ಕಟ್ಟೂದು ಹೆಂಗ?”

“ಸಣ್ಣ ಸಣ್ಣ ಬ್ಲಾಕ್ ಮಾಡೂದು, ಒಂದಕ್ಕೊಂದ ಕೂಡಿಸೂದು. ಎಲ್ಲಾ ಹೊಸಾ ಪದ್ಧತಿ.”

“ಬ್ಲಾಕ್ ಬೇಕಾದ್ರೂ ನಮ್ಮಲ್ಲೆ ಅದಾವ! ಹಾಲೋ ಬ್ಲಾಕ್, ಸಾಲಿಡ್ ಬ್ಲಾಕ್, ಯಾವುದ ಬೇಕ?”

ಕುಬೇರಪ್ಪ ಇಷ್ಟು ಪ್ರೀತಿಯಿಂದ ತನ್ನ ವಿದ್ಯೆಯ ಒಳಗೇ ಕೈಹಾಕಿ ಸಹಾಯ ಮಾಡಲು ಬಂದದ್ದಕ್ಕೆ ಭರಮಪ್ಪ ಉಪಕಾರ ಹೇಳಿ ಒಂದು ಪೇಢೆ ಬಾಯಿಗೆ ಹಾಕಿಕೊಂಡ.

ಸುಜಾತಾಗಾದರೂ ಅನುಮಾನ ಬರಬೇಕಿತ್ತು. ಆದರೆ ಆಕೆಯ ದಿನವೆಲ್ಲ ಮಕ್ಕಳ ತೂಕ, ಬಾಣಂತಿಯರ ಪಟ್ಟಿ, ಮೊಟ್ಟೆಯ ಲೆಕ್ಕ. ಅಂಗನವಾಡಿಗೆ ಬಂದ ತಾಯಂದಿರು “ಟೀಚರ, ನಿಮ್ಮನಿಯವ್ರದು ಚಾಲೂ ಆದ್ರ ನಮಗೂ ಒಂದ ಹಿಡೀರಿ” ಎಂದರು. ಆಕೆ ಖಾರಾದ ಪಾಕೀಟು ಎಂದುಕೊಂಡಳು.

“ಒಂದ ಸಾಕೇನ್ರಿ?”

“ಸಾಕ್ರಿ. ಮಗಳ ಹೆಸರಿಗೆ ಇರ್ಲಿ.”

“ಆತು, ಹೆಸರ ಬರದ ಇಡಿಸ್ತೇನಿ,” ಅಂದಳು ಸುಜಾತಾ. ಒಂದು ಪಾಕೀಟಿಗೆ ಯಾಕೆ ಈ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು ಎನ್ನುವುದನ್ನು ಯೋಚಿಸಲು ಆಕೆಗೆ ಪುರುಸೊತ್ತು ಇರಲಿಲ್ಲ.

ಕೆಲಸ ಮುಗಿಯಿತು. ಭರಮಪ್ಪ ಎಲ್ಲರ ಫೋನಿಗೂ ಮೆಸೇಜು ಕಳಿಸಿದ: ‘ರವಿವಾರ ಮುಂಜಾನೆ ಹತ್ತಕ್ಕೆ ಸವಣೂರಿನ ಮುಮ್ತಾಜಬೇಗಂ ಅವರ ಮನೆಯಲ್ಲಿ ನಮ್ಮ ಮೊದಲ ಸೈಟಿನ ಉದ್ಘಾಟನೆ. ಎಲ್ಲರೂ ತಪ್ಪದೆ ಸೈಟಿಗೆ ಭೇಟಿ ಕೊಟ್ಟು ಬುಕ್ ಮಾಡಬೇಕಾಗಿ ವಿನಂತಿ.’ ಕೆಳಗೆ ಸೈಟಿನ ಲಿಂಕು. ಲಿಂಕು ಒತ್ತಿ ನೋಡುವಷ್ಟು ಪುರುಸೊತ್ತು ಹಾನಗಲ್ಲಿಗೆ ಇರಲಿಲ್ಲ. ಜಾಗವನ್ನು ಕಣ್ಣಾರೆ ನೋಡಬೇಕು, ಮಣ್ಣು ಮುಟ್ಟಿ ನೋಡಬೇಕು. ಆದರೆ ಮೆಸೇಜನ್ನು ಮಾತ್ರ ಪುಣೆ, ಗೋವಾ, ಮುಂಬಯಿಯಲ್ಲಿದ್ದ ಮಕ್ಕಳು, ತಮ್ಮಂದಿರಿಗೆಲ್ಲ ಕಳಿಸಿದರು: ‘ನಮ್ಮ ಓಣಿಯ ಭರಮಣ್ಣಂದು. ಲಗೂ ಮಾಡ್ರಿ, ಮೂಲಿದು ಖಾಲಿ ಆಗ್ತಾವ.’

ರವಿವಾರ ಭರಮಪ್ಪನೂ ಸುಜಾತಾಳೂ ಮೊದಲ ಬಸ್ಸಿಗೆ ಸವಣೂರಿಗೆ ಹೋದರು. ಮುಮ್ತಾಜಬೇಗಂ ಒಳಗೆ ದೊಡ್ಡ ಕಡಾಯಿ ಇಟ್ಟು ಕರಿಯುತ್ತಿದ್ದಳು. ಪಡಸಾಲೆಯಲ್ಲಿ ಭರಮಪ್ಪ ಲ್ಯಾಪ್‌ಟಾಪಿಗೆ ಎರಡು ಸೇವಂತಿಗೆ ಇಟ್ಟು ಕಾಯುತ್ತ ಕುಂತ.

ಹತ್ತಕ್ಕೆ ಸರಿಯಾಗಿ ಹಿತ್ತಲಲ್ಲಿ ಗದ್ದಲವೆದ್ದಿತು. ಬಂಕಾಪುರದ ದಾರಿಯಿಂದ ಒಂದು ತುಂಬಿದ ಟೆಂಪೋ ಬಂದು ನಿಂತಿತ್ತು. ಸುಶೀಲವ್ವನ ಕೈಯಲ್ಲಿ ತೆಂಗಿನಕಾಯಿ. ಟೆಂಪೋದ ಮುಂದಿನ ಸೀಟಿನಲ್ಲಿ, ಇಳಕಲ್ಲ ಸೀರೆ ಉಟ್ಟು, ತಾಯಿ ಉಡಚವ್ವ. ಆಕೆಯ ಹಿಂದೆ ಅರ್ಧ ಓಣಿ. ಕುಬೇರಪ್ಪನೂ ಬಸವಣ್ಣೆಪ್ಪನವರೂ ಟೇಪಿನ ಒಂದೊಂದು ತುದಿ ಹಿಡಿದು ಆಗಲೇ ಹಿತ್ತಲು ಅಳೆಯಲು ಶುರು ಮಾಡಿದ್ದರು.

ಮುಮ್ತಾಜಬೇಗಂ ಎಣ್ಣೆ ತೊಟ್ಟಿಕ್ಕುವ ಝಾರಾ ಹಿಡಿದೇ ಹೊರಗೆ ಓಡಿ ಬಂದಳು.

“ಅರೇ ಅಲ್ಲಾ! ಯಾರ್ರೀ ನೀವು? ನಮ್ಮ ಹಿತ್ತಲಾ ಯಾಕ ಅಳಿಯಾಕತ್ತೀರಿ?”

“ಇದು ಒಂದನೇ ಫೇಜ್ ಏನ್ರಿ ಬಾಯಾರ?” ಕುಬೇರಪ್ಪ ವಿನಯದಿಂದ ಕೇಳಿದ.

“ಇದು ನನ್ನ ಬಚ್ಚಲಾ!”

“ಈಶಾನ್ಯಕ್ಕ ಬಚ್ಚಲಾ ಇಟ್ಟೀರಲ್ರಿ!” ಸುಶೀಲವ್ವ ಹೌಹಾರಿದಳು. “ಭರಮಣ್ಣಗ ನಾ ಮೊದಲ ಹೇಳಿದ್ದೆ.”

ಅಷ್ಟರಲ್ಲಿ ಭರಮಪ್ಪ ಲ್ಯಾಪ್‌ಟಾಪನ್ನು ಆರತಿ ತಾಟಿನಂತೆ ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದ. ಅಷ್ಟು ಮಂದಿಯನ್ನು ನೋಡಿ ಅವನ ಕಣ್ಣು ತುಂಬಿ ಬಂತು.

“ಎಷ್ಟ ದೊಡ್ಡ ಮನಸ್ರಿ ನಿಮ್ಮದು! ಇಷ್ಟ ದೂರ ಯಾಕ ಬಂದ್ರಿ? ಸೈಟ್ ಮನ್ಯಾಗ ಕುಂತ ನೋಡಬಹುದಿತ್ತಲ್ಲ.”

“ಮನ್ಯಾಗ ಕುಂತ ಹೆಂಗ ನೋಡೂದ್ರಿ?” ಬಸವಣ್ಣೆಪ್ಪನವರು ಕೇಳಿದರು. “ಸೈಟ್ ಎಲ್ಲೈತಿ?”

“ಇಲ್ಲೆ ಐತಲ್ರಿ,” ಎಂದು ಭರಮಪ್ಪ ಲ್ಯಾಪ್‌ಟಾಪ್ ತಿರುಗಿಸಿದ.

ಅರ್ಧ ಓಣಿ ಬಗ್ಗಿ ನೋಡಿತು. ಒಂದು ತಾಟು. ತಾಟಿನ ತುಂಬ ಖಾರಾ. ಬಲಮೇಲಿನ ಮೂಲೆಯಲ್ಲಿ ಸ್ವಲ್ಪ ನೀಲಿ.

ಒಳಗೆ ಕಡಾಯಿ ಚಿರ್ ಎನ್ನುತ್ತಿತ್ತು. ಕಡೆಗೆ ಸುಶೀಲವ್ವ ಕೇಳಿದಳು:

“ಇದರಾಗ ನಮ್ಮ ಪ್ಲಾಟ್ ಯಾವುದಪಾ?”

‘ಪ್ಲಾಟ್’ ಎಂಬ ಮಾತು ಕೇಳಿದಾಗ ಭರಮಪ್ಪನ ತಲೆಯೊಳಗೆ ಬೋರ್ಡು, ತೆಂಗಿನ ಗಿಡ, ಫೇಜು, ಸಿಮೆಂಟು, ಕ್ಲೌಡ್ ಸಾಹೇಬರು ಎಲ್ಲ ಒಂದೊಂದಾಗಿ ಬಂದು ಸಾಲಾಗಿ ನಿಂತವು. ಒಂದೂವರೆ ವರ್ಷ ಹುಳ ಹುಡುಕಿದವನಿಗೆ ಈ ಹುಳ ಕಂಡಿರಲಿಲ್ಲ. ಅವನು ಎಲ್ಲ ಬಿಡಿಸಿ ಹೇಳಿದ. ಹೇಳುವಷ್ಟರಲ್ಲಿ ಬೆವರಿನಿಂದ ಅಂಗಿ ಮೈಗೆ ಹತ್ತಿತ್ತು.

ಕುಬೇರಪ್ಪ ಟೇಪನ್ನು ಸರ್ ಎಂದು ಒಳಗೆಳೆದುಕೊಂಡ. “ನಾಳೆ ಹುಣ್ಣಿವಿ. ನಾಡದಾ ಅಂಗಡಿಗೆ ಬರ್ರಿ. ಕುರ್ಚಿ ಮುರದಿಲ್ಲ.”

ಮುಮ್ತಾಜಬೇಗಂ ಝಾರಾ ಆಡಿಸಿದಳು. “ಅದು ಆಮ್ಯಾಲೆ. ನನ್ನ ಆರ್ಡರ್ ಎಲ್ರಿ?”

ಭರಮಪ್ಪ ಹಿತ್ತಲ ಕಟ್ಟೆಯ ಮೇಲೆ ಕುಂತು ಆರ್ಡರಿನ ಪುಟ ತೆರೆದ. ಅಲ್ಲಿ ಎರಡೇ ಅಕ್ಷರಗಳಿದ್ದವು.

“ಎನ್‌ಎ,” ಬಸವಣ್ಣೆಪ್ಪನವರು ಓದಿದರು. ಅವರ ಮುಖ ನೋಡುವಂತಿರಲಿಲ್ಲ. “ಇದನ್ನೇನ್ರಿ ನೀವ ಬುಟ್ಟಿಗಟ್ಟಲೆ ಒಗದದ್ದು?”

ಸುಜಾತಾ ಮುಂದೆ ಬಂದಳು. ಅಣ್ಣನ ಮುಖ ನೋಡಲಿಲ್ಲ, ಊರಿನವರ ಮುಖ ನೋಡಲಿಲ್ಲ. ಗಂಡನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಂತು, “ಇನ್ನೊಮ್ಮೆ ಒತ್ರಿ. ಸ್ಲೋ ಐತಿ ಅಂತಿದ್ರಲ್ಲ,” ಅಂದಳು. ಸೀದ ಅನ್ನವನ್ನು ಒಂದೂವರೆ ವರ್ಷ ಮಾತಿಲ್ಲದೆ ಉಂಡವಳ ದನಿ ಅದು.

ಭರಮಪ್ಪ ಒತ್ತಿದ. ಒಂದು ಚಕ್ರ ತಿರುಗಿತು. ಮತ್ತೂ ತಿರುಗಿತು. ಆಮೇಲೆ ಲ್ಯಾಪ್‌ಟಾಪು ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ದೇವಸ್ಥಾನದಲ್ಲಿ ಮಕ್ಕಳ ಕೈಗೆ ಗಂಟೆ ಸಿಕ್ಕಂತೆ ಟಿಣ್ ಟಿಣ್ ಟಿಣ್. ಗೋವಾ! ಪುಣೆ! ಹುಬ್ಬಳ್ಳಿ! ಮತ್ತೆ ಪುಣೆ!

“ಬಂದ್ವು! ಆರ್ಡರ್ ಬಂದ್ವು!” ಮುಮ್ತಾಜಬೇಗಂ ಝಾರಾವನ್ನು ಪಕ್ಕದವರ ಕೈಗೆ ಕೊಟ್ಟು ಬಗ್ಗಿದಳು. ಆ ಪಕ್ಕದವರು ತಲಾಟಿಯವರಾಗಿದ್ದರು.

ಆದರೆ ಭರಮಪ್ಪನ ಮುಖ ಅರಳಲಿಲ್ಲ. ಪ್ರತಿ ಆರ್ಡರಿನ ಕೆಳಗೆ ಗಿರಾಕಿಗಳು ಒಂದೊಂದು ಸಾಲು ಬರೆದಿದ್ದರು. ‘ಪೂರ್ವ ದಿಕ್ಕಿಂದು ಇದ್ದರೆ ಮಾತ್ರ.’ ‘ದೊಡ್ಡದು ಒಂದು, ರೋಡಿಗೆ ಹತ್ತಿ ಇರಲಿ.’ ‘ಬೋರ್ ನೀರು ಸಿಹಿ ಐತೇನ್ರಿ?’ ಸ್ಲೋ ಸರ್ವರಿನಿಂದ ಖಾರಾದ ಚಿತ್ರ ಯಾರ ಫೋನಿಗೂ ಇಳಿದಿರಲಿಲ್ಲ. ಅವರ ಕಣ್ಣಿಗೆ ಮೊದಲು ಬಿದ್ದದ್ದು: ‘ಸವಣೂರು. ಸಣ್ಣದು, ನಡುವಿನದು, ದೊಡ್ಡದು. ಈಗಲೇ ಬುಕ್ ಮಾಡಿ.’

“ಇವು ಖಾರಾಕ್ಕ ಬಂದ ಆರ್ಡರ್ ಅಲ್ರಿ,” ಅಂದ ಭರಮಪ್ಪ.

“ಬಂದಾವಲ್ಲ!” ಕುಬೇರಪ್ಪನೇ ಪಿಸುಗುಟ್ಟಿದ. ವ್ಯಾಪಾರಿಯ ಜೀವ, ಟಿಣ್ ಶಬ್ದಕ್ಕೆ ಕರಗಿತ್ತು. “ಸುಮ್ಮ ಇರ್ರಿ ಭಾವಾ. ಬಾಯಾರು ಖುಷಿ ಅದಾರ, ಷರತ್ತು ಮುಗೀತು.”

“ಇಲ್ರೀ. ಇವ್ರು ಜಾಗಾ ಅಂತ ತಿಳದಾರ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳ್ತೇನಿ. ಆಮ್ಯಾಲೆ ಒಂದೂ ಉಳೀಲಿಲ್ಲ ಅಂದ್ರ ನಾಡದಾ ನಿಮ್ಮ ಅಂಗಡಿಗೆ ಬಂದ ಕುಂದರ್ತೇನಿ.”

ಮೊದಲ ಹೆಸರು ಮಾಲತೇಶ, ಗೋವಾ. ಸುಶೀಲವ್ವನ ಸ್ವಂತ ತಮ್ಮ. ಭರಮಪ್ಪ ಎಲ್ಲರಿಗೂ ಕೇಳುವಂತೆ ಫೋನು ಹಚ್ಚಿದ. ತಪ್ಪು ಒಪ್ಪಿಕೊಂಡ. ಇದು ಪ್ಲಾಟಲ್ಲ, ಖಾರಾ ಅಂದ. ಬೇಡವಾದರೆ ಈಗಲೇ ತೆಗೆದು ಹಾಕುತ್ತೇನೆ, ಕೇಳಿಸಿಕೊಂಡದ್ದಕ್ಕೆ ಉಪಕಾರ ಅಂದ.

ಹಿತ್ತಲಿನಲ್ಲಿ ಎಲ್ಲರೂ ಫೋನಿನ ಹತ್ತಿರ ಸರಿದರು. ಸುಶೀಲವ್ವ ತೆಂಗಿನಕಾಯಿಯನ್ನು ಅವುಚಿಕೊಂಡಳು.

“ಸವಣೂರ ಖಾರಾ?” ಅಂದ ಮಾಲತೇಶ.

“ಹೌದ್ರಿ.”

“ಅದಕ್ಕೇನ್ರಿ ‘ಮನೆಬಾಗಿಲಿಗೆ ತಂದು ಕೊಡುತ್ತೇವೆ’ ಅಂತ ಇತ್ತು! ಪ್ಲಾಟ್ ಮನೀಗೆ ಹೆಂಗ ತಂದ ಕೊಡ್ತಾರ ಅಂತ ನಾನೂ ನನ್ನ ಹೇಂತಿ ಮುಂಜಾನಿಂದ ಜಗಳ ಮಾಡಾಕತ್ತೇವಿ!” ಫೋನಿನಲ್ಲಿ ನಗು ಸಿಡಿಯಿತು. “ಭರಮಣ್ಣ, ಪ್ಲಾಟ್ ಅಂತ ಹೆದರಕೋತ ಹೆದರಕೋತ ಒಂದ ಒತ್ತಿದ್ದೆ. ಖಾರಾ ಅಂದ್ರ ನಾಕ ಕಳಸ್ರಿ! ಇಲ್ಲೆ ನಮ್ಮ ಕಡೆಯವ್ರು ಒಂದ ಬಿಲ್ಡಿಂಗ್ ತುಂಬ ಅದೇವಿ. ಎಲ್ಲಾರ್ಗೂ ಹೇಳ್ತೇನಿ.”

ಪುಣೆಯವರು ಎರಡು ಹೆಚ್ಚು ಮಾಡಿದರು. ಹುಬ್ಬಳ್ಳಿಯವನೊಬ್ಬ ಬೈದ, ಬೈದು ಮುಗಿಸಿ, ಸಣ್ಣದೊಂದು ಇರಲಿ ಅಂದ. ಬೋರ್ ನೀರು ಕೇಳಿದವನು ಮಾತ್ರ ಖಾರಾ ಬೇಡ, ಜಾಗಾ ಇದ್ದರೆ ನೋಡಿ ಅಂದ. ಅವನ ಹೆಸರನ್ನು ಭರಮಪ್ಪ ಮರ್ಯಾದೆಯಿಂದ ತೆಗೆದು ಹಾಕಿದ.

ಮುಮ್ತಾಜಬೇಗಂ ತಲಾಟಿಯವರ ಕೈಯಿಂದ ಝಾರಾ ತಿರುಗಿ ಇಸಿದುಕೊಂಡು ಕುಬೇರಪ್ಪನ ಕಡೆ ತೋರಿಸಿದಳು.

“ಅಣ್ಣಾ, ನಿಮ್ಮ ಕುರ್ಚಿ ಬ್ಯಾರೆ ಯಾರಿಗರ ಕೊಡ್ರಿ. ಈ ಮನಶ್ಯಾಗ ಕೆಲಸ ಐತಿ. ನಮ್ಮ ವೀಳ್ಯದೆಲಿ ಮಾರೋ ಮಂದಿ ಮುಂದ, ಬೇಕರಿಯವ್ರ ಮುಂದ ನಾನ ಹೇಳಾಕಿ ಅದೇನಿ. ಬಂದ ಆರ್ಡರ್ ಬ್ಯಾಡ ಅನ್ನೋ ಡೆವಲಪರ್ ಅವ್ರಿಗೂ ಬೇಕಾಗ್ಯಾನ.”

ಆಮೇಲೆ ಅಷ್ಟೂ ಮಂದಿಗೆ ಬಿಸಿ ಖಾರಾ, ಚಹಾ. ಪಾಕೀಟು ತುಂಬಲು ಕೈ ಸಾಲಲಿಲ್ಲ. ಸೈಟು ಕೊಳ್ಳಲು ಬಂದ ಓಣಿ ಸಾಲಾಗಿ ಕುಂತು ಪಾಕೀಟು ಕಟ್ಟಿತು. ಬಸವಣ್ಣೆಪ್ಪನವರು ಪ್ರತಿ ಪಾಕೀಟಿನ ವಿಳಾಸವನ್ನೂ ಪಹಣಿ ತಪಾಸು ಮಾಡಿದಂತೆ ತಪಾಸು ಮಾಡಿದರು. ಕುಬೇರಪ್ಪ ತೂಗಿದ; ಅವನ ಕೈಯಲ್ಲಿ ಒಂದು ಕಾಳು ಹೆಚ್ಚು ಹೋಗಲಿಲ್ಲ. ಭರಮಪ್ಪ ಒಬ್ಬೊಬ್ಬರ ಮುಂದೆಯೂ ನಿಂತು ಉಪಕಾರ ಹೇಳುತ್ತ ಸುಜಾತಾಳ ಮುಂದೆ ಬಂದಾಗ ಮಾತ್ರ ಬಾಯಿ ಕಟ್ಟಿತು. ಎಲ್ಲರಿಗೂ ಹಂಚಿ ಹಂಚಿ ಆ ಶಬ್ದ ತೆಳ್ಳಗಾಗಿತ್ತು, ಇವಳಿಗೆ ಕೊಡುವಂತಿರಲಿಲ್ಲ.

“ಏನ್ರಿ?” ಅಂದಳು ಆಕೆ, ಪಾಕೀಟಿನ ಬಾಯಿ ಮಡಿಸುತ್ತ.

“ಏನಿಲ್ಲ. ನಾಳೆ ಹುಣ್ಣಿವಿ ಅಡಗಿ ನಾನ ಮಾಡ್ತೇನಿ.”

“ಬ್ಯಾಡ್ರಿ ಮಾರಾಯ್ರ. ನಾಳೆ ಒಂದ ದಿನ ಚಲೋ ಅನ್ನ ಉಣ್ಣೂಣು.”

ಟೆಂಪೋ ತಿರುಗಿ ಹೊರಟಾಗ ಭರಮಪ್ಪ ತಾಯಿಯ ಪಕ್ಕದಲ್ಲಿ ಕುಂತ. ಬೆಳಗಿನಿಂದ ಉಡಚವ್ವ ಒಂದು ಮಾತೂ ಆಡಿರಲಿಲ್ಲ. ಅದೇ ಅವನನ್ನು ಕೊರೆಯುತ್ತಿತ್ತು. ಜನ್ಮದಲ್ಲಿ ಅಂಗೈಯಗಲ ಸ್ವಂತ ಭೂಮಿ ಕಾಣದಾಕೆ, ಮಗನ ಸೈಟು ನೋಡಲು ಟ್ರಂಕಿನೊಳಗಿನ ಸೀರೆ ತೆಗೆದು ಉಟ್ಟುಕೊಂಡು ಬಂದಿದ್ದಳು.

“ಅವ್ವಾ, ಜಾಗಾ ಅಲ್ಲಂತ ಬ್ಯಾಸರ ಆತೇನು?”

“ಅದಿರ್ಲಿ. ನೀ ಅದನ್ನ ಎಲ್ಲೆರ ಇಟ್ಟಿರಬೇಕಲ್ಲೋ. ಎಲ್ಲಿ ಇಟ್ಟಿ?”

“ಅದಕ್ಕೂ ಒಂದ ಜಾಗಾ ಇರ್ತೈತವ್ವ. ಕಣ್ಣಿಗೆ ಕಾಣಂಗಿಲ್ಲ. ವರ್ಷಕ್ಕಿಷ್ಟ ಅಂತ ಕೊಟ್ಟು ಇಟ್ಟೇನಿ.”

“ಹಂಗಾರ ಲಾವಣಿ ಅನ್ನು.” ಉಡಚವ್ವನ ಮುಖದ ಗೆರೆಗಳು ಸಡಿಲಾದವು. ಇಡೀ ದಿನದಲ್ಲಿ ಮೊದಲ ಸಲ ಆಕೆಗೆ ತಿಳಿಯುವ ಮಾತೊಂದು ಸಿಕ್ಕಿತ್ತು. “ನಿಮ್ಮಪ್ಪನೂ ವರ್ಷಕ್ಕಿಷ್ಟ ಅಂತ ಕೊಟ್ಟು ಮಂದಿ ಹೊಲಾ ಲಾವಣಿ ಮಾಡೇ ನಿನ್ನ ಸಾಲಿ ಕಲಿಸಿದ. ಅದರಾಗ ಬ್ಯಾಸರ ಏನೈತಿ?”

ಒಂದು ಮುಷ್ಟಿ ಖಾರಾ ಬಾಯಿಗೆ ಹಾಕಿಕೊಂಡು ಆಕೆ ಬಂಕಾಪುರದ ಕಡೆಯ ಹೊಲಗಳಲ್ಲಿ ಬೆಳೆದು ನಿಂತ ಪೀಕು ನೋಡಿದಳು.

“ಆ ಜಾಗಾದ ಧಣಿ ಎಲ್ಲಿರ್ತಾನೋ?”

“ಯಾರಿಗ್ಗೊತ್ತವ್ವ. ಸಮುದ್ರದ ಆಚಿ ಕಡೆ ಇರಬೇಕು. ನಾ ಅಂತೂ ಮುಖಾ ನೋಡಿಲ್ಲ.”

“ಮನಿಗೆ ಕರಸಂಗಿಲ್ಲ? ಕಟಗಿ ಒಡೀ, ಅಂಗಳಾ ಬಳೀ ಅನ್ನಂಗಿಲ್ಲ?”

“ಇಲ್ಲವ್ವ.”

“ಅಯ್ಯ, ಚಲೋ ಆತ ಬಿಡು,” ಎಂದು ಉಡಚವ್ವ ಹಾಯಾಗಿ ಸೀಟಿಗೆ ಒರಗಿದಳು. “ಧಣಿ ಎಷ್ಟ ದೂರ ಇರ್ತಾನ, ಪೀಕ ಅಷ್ಟ ಚಲೋ ಬರ್ತೈತಿ.”